ಎರಡು ಸಲ ಕೂಗಿದ ಹೆಸರು

ಲೌರಿಯ ಹೊಲಿಗೆ ಯಂತ್ರ ನಿಂತರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಬ್ರಿನ್ ಗರೊ ಊರಿನ ಮನೆಗಳೇ ಹಾಗೆ, ಒಂದರ ಭುಜಕ್ಕೆ ಒಂದು ಆನಿಕೊಂಡು ನಿಂತವು; ಈ ಮನೆಯಲ್ಲಿ ಸೀನಿದರೆ ಆ ಮನೆಯವರು ಹರಸುತ್ತಾರೆ. ಸ್ಲೇಟು ಗಣಿಯವರ ದಪ್ಪ ಷರಾಯಿಗಳನ್ನು ಹೊಲಿಯುತ್ತ ಯಂತ್ರ ಬೆಳಗಿನಿಂದ ಕಟಕಟ ಎನ್ನುತ್ತಿರುತ್ತಿತ್ತು. ಅದು ಇದ್ದಕ್ಕಿದ್ದಂತೆ ನಿಂತಿತೆಂದರೆ ಪಕ್ಕದ ಮನೆಯ ಮುದುಕಿ ಗೋಡೆಯಾಚೆಯಿಂದ, "ಏನೇ, ದಾರ ಕಡೀತೋ ಹಾಡು ಬಂತೋ?" ಎಂದು ಕೂಗುವಳು. ದಾರ ಕಡಿಯುತ್ತಿದ್ದುದು ಅಪರೂಪ.

ಈ ಹುಚ್ಚು ಹಿಡಿಸಿದವನು ಅವಳ ಸೋದರಮಾವ ಹಂಫ್ರಿ ಪಾರಿ. ವಾರವೆಲ್ಲ ಗಣಿಯಲ್ಲಿ ಕೂತು ಸ್ಲೇಟು ಕಲ್ಲನ್ನು ಎಲೆಎಲೆಯಾಗಿ ಸೀಳುವವನು, ಭಾನುವಾರ ಹೆಬ್ರೋನ್ ಚಾಪೆಲಿನಲ್ಲಿ ಹಾಡು ಎತ್ತುವವನು. ಹಾಡು ಎತ್ತುವವನೆಂದರೆ ನಮ್ಮಲ್ಲಿ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗೆ. ಪಾದ್ರಿ ಸಪ್ಪೆಯಾಗಿದ್ದರೆ ಒಂದು ಮೆಟ್ಟಿಲು ಮೇಲೆ. ಡೊ ರೆ ಮಿ ಅಕ್ಷರಗಳಲ್ಲಿ ಬರೆದ ಕೀರ್ತನೆಯ ಧಾಟಿಯನ್ನು ನೋಡಿದ ಕೂಡಲೇ ಹಾಡುವುದು ಊರಿನ ಮಕ್ಕಳಿಗೂ ಬರುತ್ತಿತ್ತು. ಹೊಸದಾಗಿ ಬರೆಯಲು ಬರುತ್ತಿದ್ದುದು ಹಂಫ್ರಿಗೆ ಮಾತ್ರ. ಮಂಗಳವಾರ ಸಂಜೆ ಚಾಪೆಲಿನ ಹಿಂದಿನ ಕೋಣೆಯಲ್ಲಿ ಅವನು ಸೊಸೆಗೆ ಪಾಠ ಹೇಳುತ್ತಿದ್ದ.

"ನಾಲ್ಕು ದನಿ ಅಂದ್ರೆ ಒಂದೇ ಮನೇಲಿರೋ ನಾಲ್ಕು ಜನ ಕಣೇ," ಎನ್ನುವನು. "ಒಂದೇ ಮೇಜಲ್ಲಿ ಉಣ್ತಾರೆ, ಸರಿ. ಆದ್ರೆ ಒಬ್ಬರು ಇನ್ನೊಬ್ಬರ ನೆರಳಾಗಬಾರದು. ಮೇಲಿನವಳು ಹತ್ತಿದ್ರೆ ಕೆಳಗಿನವನು ಇಳೀಲಿ. ಬಾಗಿಲಲ್ಲಿ ಎದುರಾದ್ರೆ ದಾರಿ ಬಿಡಲಿ."

"ಜಗಳ ಆಡಿದ್ರೆ?"

"ಆಡ್ಲಿ. ಮಲಗೋ ಹೊತ್ತಿಗೆ ರಾಜಿ ಆಗಿರಬೇಕು."

ಅವನ ಧರ್ಮದಲ್ಲಿ ಮಹಾಪಾಪಗಳು ಮೂರು: ಕುಡಿತ, ಜೂಜು, ಜೋಡಿ ಐದು. ಎರಡು ದನಿಗಳು ಐದು ಸ್ವರದ ಅಂತರ ಇಟ್ಟುಕೊಂಡು, ಕೈಕೈ ಹಿಡಿದಂತೆ ಒಟ್ಟಿಗೆ ಹತ್ತುವುದೋ ಇಳಿಯುವುದೋ ಮಾಡಿದರೆ ಅದು ಜೋಡಿ ಐದು. ಹಾಗೆ ಮಾಡಿದ ಕೂಡಲೇ ಎರಡು ಜೀವ ಹೋಗಿ ಒಂದೇ ಆಗುತ್ತದೆ, ನಡುವೆ ಟೊಳ್ಳು ಉಳಿಯುತ್ತದೆ ಎಂಬುದು ಅವನ ವಾದ. ಅದು ಕಂಡರೆ ಸಾಕು, ಪೆನ್ಸಿಲ್ಲಿನಿಂದ ಕಾಗದ ಹರಿಯುವಂತೆ ಗೀಚುತ್ತಿದ್ದ.

ಮೊದಲ ಚಳಿಗಾಲವಿಡೀ ಸ್ವಂತ ಧಾಟಿ ಬರೆಯಲು ಬಿಡಲಿಲ್ಲ. ಮೇಲಿನ ಧಾಟಿ ಅವನು ಕೊಡುವುದು, ಎಲ್ಲಕ್ಕಿಂತ ಕೆಳಗಿನ ದನಿ, ಬೇಸ್, ಅದನ್ನು ಮಾತ್ರ ಇವಳು ಕಟ್ಟುವುದು. ಲೌರಿಗೆ ಸಾಕುಸಾಕಾಗಿ ಹೋಗಿತ್ತು. ಒಂದು ದಿನ ಷರಾಯಿಯ ಜೇಬು ಹೊಲಿಯುತ್ತಿದ್ದವಳು ಯಂತ್ರ ನಿಲ್ಲಿಸಿದಳು, ಕಾಗದದ ಮೇಲೆ ಎರಡು ಸಾಲು ಬರೆದಳು, ಹಾಗೆಯೇ ಎದ್ದು ಗಣಿಯ ದಾರಿ ಹಿಡಿದು ಓಡಿದಳು. ಹೆಂಗಸರು ಹೋಗುವ ಜಾಗವಲ್ಲ ಅದು. ಗಂಡಸರು ಊಟದ ಗುಡಿಸಲಿನಲ್ಲಿ ಬೆಂಕಿಯ ಸುತ್ತ ಕೂತು, ಬೆಣ್ಣೆ ಸವರಿದ ರೊಟ್ಟಿ ತಿನ್ನುತ್ತ, ಕಾದು ಕಾದು ಕಪ್ಪಾದ ಚಹಾ ಕುಡಿಯುತ್ತಿದ್ದರು.

"ಪಾರಿ, ನಿನ್ನ ಸೊಸೆ ಬಂದಳಪ್ಪ. ನಿನ್ನ ಸೊಂಟದಳತೆ ಮರೆತಳೇನೋ," ಎಂದ ಒಬ್ಬ.

ಹಂಫ್ರಿ ಲೋಟ ಕೆಳಗಿಟ್ಟ. "ಏನಾಯ್ತೇ? ಯಾರಾದ್ರೂ ಹೋದ್ರಾ?"

"ಇಲ್ಲ ಮಾವ. ಬೇಸ್ ಇಳೀತು," ಎಂದಳು ಲೌರಿ ಏದುಸಿರು ಬಿಡುತ್ತ. "ಮೇಲಿನ ದನಿ ಹತ್ತುತ್ತಾ ಇದ್ದ ಹಾಗೇ ಇದು ಇಳೀತಾ ಬಂತು, ಮಧ್ಯ ಜಾಗ ತಾನಾಗೇ ಆಯ್ತು. ನಡುವಿನ ಎರಡು ದನಿ, ಟೆನರೂ ಆಲ್ಟೊನೂ, ತಾವೇ ಬಂದು ಕೂತ್ಕೊಂಡ್ವು. ನಾನೇನೂ ಮಾಡಲಿಲ್ಲ."

ಹಂಫ್ರಿ ಓದಿದ. ಪಕ್ಕದವನಿಗೆ ದಾಟಿಸಿದ. ಕಾಗದ ಬೆಂಕಿಯ ಸುತ್ತ ಒಂದು ಸುತ್ತು ಬಂತು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು, ಬಾಯಲ್ಲಿ ರೊಟ್ಟಿ ಇದ್ದಂತೆಯೇ ಆ ಎರಡು ಸಾಲನ್ನು ನಾಲ್ಕು ದನಿಯಲ್ಲಿ ಹಾಡಿಬಿಟ್ಟರು. ತನ್ನ ತಲೆಯೊಳಗೆ ಮಾತ್ರ ಇದ್ದದ್ದು ಬೇರೆಯವರ ಎದೆಯಿಂದ ಹೊರಬರುವುದನ್ನು ಲೌರಿ ಕೇಳಿದ್ದು ಅದೇ ಮೊದಲು. ಇನ್ನೊಂದು ಸಲ ಹಾಡಿ ಎಂದು ಕೇಳುವಷ್ಟು ನಾಚಿಕೆ ಬಿಟ್ಟಳು. ಹಾಡಿದರು. ಇಳಿದು ಬರುವಾಗ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದಳು.

ಅಲ್ಲಿಂದ ಮುಂದೆ ಅವಳಿಗೆ ಬೇಕಾದದ್ದು ಒಂದೇ. ಈಸ್ಟರ್ ಸೋಮವಾರ ನಮ್ಮ ಕಣಿವೆಯ ಐಸ್ಟೆಡ್ವೊಡ್ ನಡೆಯುತ್ತದೆ, ಹಾಡು ಕವಿತೆಗಳ ಸ್ಪರ್ಧೆ. ಅಲ್ಲಿ ಕೀರ್ತನೆಯ ಹೊಸ ಧಾಟಿಗೂ ಒಂದು ಬಹುಮಾನವಿದೆ. ಗೆದ್ದ ಧಾಟಿಯನ್ನು ಅಲ್ಲೇ ಸಭೆಯೆಲ್ಲ ಹಾಡುತ್ತದೆ, ಆಮೇಲೆ ಅಚ್ಚು ಹಾಕಿಸಿ ಕಣಿವೆಯ ಚಾಪೆಲುಗಳೆಲ್ಲ ಹಾಡುತ್ತವೆ. ತನ್ನದೊಂದು ಧಾಟಿಯನ್ನು ಹಾಗೆ ಸಾವಿರ ಬಾಯಲ್ಲಿ ಕೇಳಬೇಕು ಎಂಬ ಆಸೆ ಲೌರಿಯ ಹೊಟ್ಟೆಯಲ್ಲಿ ಬೆಂಕಿಯ ಹಾಗೆ ಕೂತಿತು.

ತೊಡಕೂ ಒಂದೇ. ಅದೇ ಆಸೆ ಹಂಫ್ರಿಗೆ ಅವಳು ಹುಟ್ಟುವ ಮೊದಲಿನಿಂದ ಇತ್ತು. ಪ್ರತಿ ವರ್ಷ ಕಳಿಸುತ್ತಿದ್ದ, ಪ್ರತಿ ವರ್ಷ ಎರಡನೆಯವನೋ ಮೂರನೆಯವನೋ ಆಗುತ್ತಿದ್ದ. ಸ್ಪರ್ಧೆಯಲ್ಲಿ ಯಾರೂ ಸ್ವಂತ ಹೆಸರು ಬರೆಯುವಂತಿಲ್ಲ, ಸುಳ್ಳು ಹೆಸರಿನಲ್ಲೇ ಕಳಿಸಬೇಕು. ಹಂಫ್ರಿ "ಹಳೇ ಹಾರ್ಪ್", ಎಂದರೆ ಹಳೆಯ ತಂತಿವಾದ್ಯ, ಎಂಬ ಹೆಸರನ್ನು ಎಷ್ಟು ವರ್ಷದಿಂದ ಬಳಸುತ್ತಿದ್ದನೆಂದರೆ, ಅದು ಯಾರೆಂದು ಊರ ನಾಯಿಗಳಿಗೂ ಗೊತ್ತಿತ್ತು. ಸೋತು ಬಂದ ದಿನ ಅವನು ಮಜ್ಜಿಗೆಯಲ್ಲಿ ಓಟ್ ರೊಟ್ಟಿ ಪುಡಿಮಾಡಿಕೊಂಡು ಉಂಡು, ಮರುದಿನ ಎಂದಿನಂತೆ ಗಣಿಗೆ ಹೋಗುವನು. ಆ ವಾರ ಮಾತ್ರ ಪಾಠ ಇರುತ್ತಿರಲಿಲ್ಲ.

ಮರುವರ್ಷದ ಚಳಿಗಾಲ ಲೌರಿಗೆ ಒಂದು ಧಾಟಿ ಬಂತು. ಅಭ್ಯಾಸವೆಂದು ಹೇಳಿ ಮಾವನಿಗೆ ತೋರಿಸಿದಳು. ಮೂರನೆಯ ಸಾಲಿನಲ್ಲಿ ಟೆನರೂ ಬೇಸೂ ಜೋಡಿ ಐದಾಗಿ ಹತ್ತಿದ್ದವು. ಪೆನ್ಸಿಲ್ ಗೀಚಿತು. ಅವನ ಮುಂದೆ ತಿದ್ದಿದಳು. ಮನೆಗೆ ಬಂದು ಮತ್ತೆ ಹಾಗೇ ಬರೆದಳು. ಮರುವಾರವೂ ಅದೇ ಕಥೆ.

"ನಾನು ಹೇಳೋದು ಕಿವಿಗೆ ಹೋಗ್ತಿದೆಯೋ, ಗೋಡೆಗೋ?"

"ಹಾಡಿದ್ರೆ ಚೆನ್ನಾಗಿರುತ್ತೆ ಮಾವ. ಕಿಟಕಿ ತೆಗೆದ ಹಾಗೆ."

"ಬೀದಿ ಚಳಿ ಒಳಗೆ ಬರೋದೂ ಕಿಟಕಿ ತೆಗೆದಾಗಲೇ. ತಿದ್ದು."

ತಿದ್ದಿದಳು. ಆಮೇಲೆ ಮನೆಯಲ್ಲಿ ಜೋಡಿ ಐದನ್ನು ಮತ್ತೆ ಹಾಕಿ, "ಬಡಗಣ ಗಾಳಿ" ಎಂಬ ಹೆಸರಿನಲ್ಲಿ ಸ್ಪರ್ಧೆಗೆ ಕಳಿಸಿಬಿಟ್ಟಳು. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಗೆಳತಿ ಬೆಟ್ಸನ್‌ಗೆ ಮಾತ್ರ ಗೊತ್ತು. ಮಾವನಿಗೆ ದ್ರೋಹ ಮಾಡಿದೆನೇ ಎಂದು ಲೌರಿಗೆ ಅನಿಸದೆ ಇರಲಿಲ್ಲ. ಆದರೆ ಬೆಟ್ಸನ್, "ಗೆದ್ದೇಬಿಟ್ಟೋಳ ಥರ ಅಳ್ತೀಯಲ್ಲೇ, ಮೊದಲು ಗೆಲ್ಲು," ಎಂದಿದ್ದಳು, ಅದೇ ಸಮಾಧಾನ.

ಈಸ್ಟರ್ ಸೋಮವಾರ ಸಭಾಮಂದಿರದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳುವಂತಿರಲಿಲ್ಲ. ಒದ್ದೆ ಉಣ್ಣೆಯ ಕೋಟುಗಳ ಆವಿ, ಪುದೀನ ಮಿಠಾಯಿಯ ವಾಸನೆ. ಹಂಫ್ರಿ ಹೊಸ ಕಾಲರ್ ಹಾಕಿಕೊಂಡು ಲೌರಿಯ ಬಲಕ್ಕೆ ಕೂತಿದ್ದ, ಎಡಕ್ಕೆ ಬೆಟ್ಸನ್. ಈ ಸಲದ ತೀರ್ಪುಗಾರರು ಡಾಕ್ಟರ್ ಕಡ್ವಲಾಡರ್, ತೆಂಕಣ ಸೀಮೆಯವರು, ದೊಡ್ಡ ವಿದ್ವಾಂಸರು. ನಮ್ಮಲ್ಲಿ ತೀರ್ಪು ಹೇಳುವುದೆಂದರೆ ಗುಟ್ಟಿನ ವ್ಯವಹಾರವಲ್ಲ. ವೇದಿಕೆಯ ಮೇಲೆ ನಿಂತು ಒಂದೊಂದೇ ಧಾಟಿಯ ಹುಳುಕನ್ನು ಗಟ್ಟಿಯಾಗಿ ಎತ್ತಿ ಆಡಬೇಕು. ಜನ ಬರುವುದೇ ಅದಕ್ಕೆ.

"ದಾವೀದನ ಶಿಷ್ಯ," ಎಂದು ಡಾಕ್ಟರ್ ಮೊದಲ ಕಾಗದ ಎತ್ತಿದರು. "ದಾವೀದ ಇವನನ್ನ ಬೇಗ ಮನೆಗೆ ಕಳಿಸಿಬಿಟ್ಟ ಅಂತ ಕಾಣುತ್ತೆ."

ಮಂದಿರ ನಕ್ಕಿತು. "ಶಿಖರದ ಕೋಗಿಲೆ" ಶಿಖರದಿಂದ ಕೆಳಗೆ ಬಿತ್ತು. ಇನ್ನೊಂದು ಧಾಟಿ ತಮ್ಮ ಅಜ್ಜಿ ಹಾಡುತ್ತಿದ್ದ ಧಾಟಿಯೇ ಎಂದರು. ಅಜ್ಜಿ ಚೆನ್ನಾಗಿ ಹಾಡುತ್ತಿದ್ದರು ಎಂದೂ ಸೇರಿಸಿದರು. ಒಂದೊಂದು ಹೆಸರು ಉದುರಿದಾಗಲೂ ಹಂಫ್ರಿಯ ಬೆನ್ನು ಇಷ್ಟಿಷ್ಟೇ ನೆಟ್ಟಗಾಯಿತು. ಕೊನೆಗೆ ಡಾಕ್ಟರ ಕೈಯಲ್ಲಿ ಎರಡೇ ಕಾಗದ ಉಳಿದವು. ಬೆಟ್ಸನ್ ಲೌರಿಯ ತೊಡೆಯನ್ನು ಎಷ್ಟು ಜೋರಾಗಿ ಚಿವುಟಿದಳೆಂದರೆ ಕಣ್ಣಲ್ಲಿ ನೀರು ಬಂತು.

"ಹಳೇ ಹಾರ್ಪ್," ಎಂದರು ಡಾಕ್ಟರ್. ಸಭೆಯಲ್ಲಿ ಗುಸುಗುಸು ಎದ್ದಿತು, ತಲೆಗಳು ಹಂಫ್ರಿಯ ಕಡೆ ತಿರುಗಿದವು. "ಇದರಲ್ಲಿ ಒಂದು ತಪ್ಪಿಲ್ಲ. ನಾನು ಹೇನು ಹೆಕ್ಕಿದ ಹಾಗೆ ಹೆಕ್ಕಿದೆ. ಒಂದೂ ಇಲ್ಲ. ಇಷ್ಟು ಶುದ್ಧವಾಗಿ ನಾಲ್ಕು ದನಿ ನಡೆಸೋರು ನಮ್ಮ ಕಡೆ ಕಾಲೇಜಿನಲ್ಲೂ ಕಡಿಮೆ."

ಹಂಫ್ರಿ ಕಾಲರ್ ಸರಿಮಾಡಿಕೊಂಡ.

"ಆದರೆ ಕಾಗದ ಮಡಚಿಟ್ಟ ಮೇಲೆ ಧಾಟಿ ನೆನಪಿಗೆ ಬರಲಿಲ್ಲ. ಮತ್ತೆ ಓದಿದೆ. ಮತ್ತೆ ಮಡಚಿಟ್ಟೆ. ಬರಲಿಲ್ಲ. ಇದನ್ನು ಹೇಳೋಕೆ ನನಗೆ ಸಂತೋಷ ಇಲ್ಲ."

ಲೌರಿ ಪಕ್ಕಕ್ಕೆ ನೋಡಲಾರದೆ ತನ್ನ ಬೂಟು ನೋಡಿಕೊಂಡಳು. ಅವಳಿಗೆ ಮಾವನ ಕೈ ಹಿಡಿಯಬೇಕೆನಿಸಿತು, ಅದೇ ಹೊತ್ತಿಗೆ ಎದ್ದು ಕುಣಿಯಬೇಕೆನಿಸಿತು. ಎರಡೂ ನಿಜ.

"ಬಡಗಣ ಗಾಳಿ. ಇದನ್ನ ರೈಲಿನಲ್ಲಿ ಓದಿದೆ. ಓದಿದವನು ಇಳಿಯೋವರೆಗೂ ಗುನುಗ್ತಾನೇ ಇದ್ದೆ, ಎದುರಿಗಿದ್ದ ಹೆಂಗಸು ಬೇರೆ ಡಬ್ಬಿಗೆ ಎದ್ದು ಹೋದಳು. ಧಾಟಿ ಅಂದ್ರೆ ಇದು. ಆದರೆ," ಎಂದು ಡಾಕ್ಟರ್ ಬೆರಳೆತ್ತಿದರು, "ಮೂರನೇ ಸಾಲಲ್ಲಿ ಟೆನರೂ ಬೇಸೂ ಮದುವೆ ಮೆರವಣಿಗೆ ಹೊರಟ ಹಾಗೆ ಕೈಕೈ ಹಿಡ್ಕೊಂಡು ಹತ್ತುತ್ತಾರೆ. ಜೋಡಿ ಐದು, ಹಾಡುಹಗಲೇ. ಇವರಿಗೆ ಗುರುಗಳೇ ಇರಲಿಲ್ಲವೋ, ಇದ್ದ ಗುರುಗಳು ನಿದ್ದೆ ಮಾಡ್ತಿದ್ದರೋ ದೇವರೇ ಬಲ್ಲ."

"ಹೇಳಿದ್ದೆ," ಎಂದ ಹಂಫ್ರಿ.

ಗಟ್ಟಿಯಾಗಿಯೇ ಹೇಳಿದ. ಮುಂದಿನ ಸಾಲಿನವರು ತಿರುಗಿ ನೋಡಿದರು.

"ಒಂದು ಸಲ ಅಲ್ಲ, ವಾರವಾರ ಹೇಳಿದ್ದೆ. ನಿದ್ದೆ ಮಾಡ್ತಿದ್ನಂತೆ," ಎನ್ನುತ್ತ ಅರ್ಧ ಎದ್ದವನು ಹಾಗೆಯೇ ನಿಂತ. ಗುರುವಿಗೆ ಬಂದ ಸಿಟ್ಟು ಮೊದಲು ಬಾಯಿಗೆ ಬಂದಿತ್ತು. ತಾನು ವಾರವಾರ ಹೇಳಿದ್ದು ಯಾರಿಗೆ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ನಿಧಾನವಾಗಿ ಕೂತ. ನಿಧಾನವಾಗಿ ಲೌರಿಯ ಕಡೆ ತಿರುಗಿದ. ಅವಳ ಮುಖದಲ್ಲಿ ಎಲ್ಲವೂ ಬರೆದಿತ್ತು.

"ತಪ್ಪಿಗೆ ಅಂಕ ಕಳೆದಿದ್ದೇನೆ. ಕಳೆದ ಮೇಲೂ ಬಹುಮಾನ ಇದಕ್ಕೇ," ಎಂದರು ಡಾಕ್ಟರ್. "ಬಡಗಣ ಗಾಳಿ ಯಾರೋ ಅವರು, ಅವರು ಮಾತ್ರ, ಎದ್ದು ನಿಲ್ಲಲಿ."

ಇಲ್ಲಿ ನಮ್ಮ ಪದ್ಧತಿ ಹೇಳಬೇಕು. ಗೆದ್ದವರು ಜನರ ನಡುವೆ ಕೂತಲ್ಲೇ ಎದ್ದು ನಿಲ್ಲಬೇಕು. ಅಲ್ಲಿಯವರೆಗೆ ಅವರು ಯಾರೆಂದು ತೀರ್ಪುಗಾರರಿಗೂ ಗೊತ್ತಿರುವುದಿಲ್ಲ. ಮೂರು ಸಲ ಹೆಸರು ಕೂಗುತ್ತಾರೆ. ಮೂರಕ್ಕೂ ಯಾರೂ ಏಳದಿದ್ದರೆ ಬಹುಮಾನ ಎರಡನೆಯವರಿಗೆ. ಆ ವರ್ಷದ ಎರಡನೆಯವನು ಹಳೇ ಹಾರ್ಪ್.

ಲೌರಿಗೆ ಅದು ಥಟ್ಟನೆ ಹೊಳೆಯಿತು. ಸುಮ್ಮನೆ ಕೂತರೆ ಸಾಕು. ಯಾರಿಗೂ ಏನೂ ತಿಳಿಯುವುದಿಲ್ಲ, ಮಾವನ ಆಯಸ್ಸಿನ ಆಸೆ ಈಡೇರುತ್ತದೆ. ತಾನಿನ್ನೂ ಚಿಕ್ಕವಳು, ಇನ್ನೊಂದು ಬರೆದಾಳು. ಅವಳು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಾಲುಗಳು ಮಾತ್ರ ತಾವಾಗಿಯೇ ಏಳಲು ಹವಣಿಸುತ್ತಿದ್ದವು.

"ಬಡಗಣ ಗಾಳಿ," ಎಂದು ಎರಡನೆಯ ಸಲ ಕೂಗಿದರು. ಜನ ಕತ್ತು ಉದ್ದ ಮಾಡಿ ಆಚೀಚೆ ನೋಡತೊಡಗಿದರು.

"ಏಳು," ಎಂದ ಹಂಫ್ರಿ ಹಲ್ಲು ಕಚ್ಚಿಕೊಂಡು.

"ಬೇಡ ಮಾವ. ನಿಮಗೇ ಬರಲಿ. ನಂಗೆ ಇನ್ನೂ ವಯಸ್ಸಿದೆ."

"ಏಳು ಅಂದ್ನಲ್ಲ."

"ಯಾರಿಗೂ ಗೊತ್ತಾಗಲ್ಲ."

"ಅದೇ ಕಣೇ ಕಷ್ಟ," ಎಂದ. ಅವನ ಕತ್ತಿನ ನರ ಹೊಸ ಕಾಲರಿನ ಮೇಲೆ ಉಬ್ಬಿತ್ತು. "ಮೂರನೇ ಸಲ ಕೂಗಿ ನನ್ನ ಹೆಸರು ಕರೆದ್ರೆ ನಾನು ಎದ್ದುಬಿಡ್ತೀನಿ. ಬೇಡ ಅನ್ನೋಕೆ ನನ್ನ ಕೈಲಿ ಆಗಲ್ಲ, ಅಷ್ಟು ಆಸೆ ಇದೆ. ಆಮೇಲೆ ಸಾಯೋವರೆಗೂ ನಿನ್ನ ಮುಖ ನೋಡೋಕಾಗಲ್ಲ. ನನ್ನನ್ನ ಆ ಗತಿಗೆ ತರಬೇಡ. ಏಳು, ಲೌರಿ."

ಲೌರಿ ಎದ್ದಳು.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಯಾರೋ ಹಿಂದಿನವರು, "ಕೂತ್ಕೊಳ್ಳಮ್ಮ, ಕಾಣ್ತಿಲ್ಲ," ಎಂದರು. ಅಷ್ಟರಲ್ಲಿ ಬೆಟ್ಸನ್ ಬೆಂಚಿನ ಮೇಲೆ ಹತ್ತಿ, "ಇವಳೇ, ಇವಳೇ ರೀ," ಎಂದು ಕಿರುಚಿದಳು. ಮಂದಿರ ಎದ್ದು ನಿಂತಿತು. ಗಣಿಯವರು ಬೂಟುಗಾಲಿನಿಂದ ನೆಲ ಕುಟ್ಟಿದರು. ಲೌರಿ ನಡೆದಳೋ, ಕೈಯಿಂದ ಕೈಗೆ ಸಾಗಿಸಿದರೋ, ಅವಳಿಗೇ ತಿಳಿಯಲಿಲ್ಲ, ವೇದಿಕೆಯ ಮೇಲಿದ್ದಳು. ಬಹುಮಾನದ ರೇಷ್ಮೆ ಚೀಲವನ್ನು ಕೊರಳಿಗೆ ಹಾಕಿದರು. ಅಂಥ ಗದ್ದಲದಲ್ಲೂ ಆ ಚೀಲದ ಹೊಲಿಗೆ ಸೊಟ್ಟಗಿದೆ ಎಂಬುದು ಅವಳ ಕಣ್ಣಿಗೆ ಬಿತ್ತು.

"ಹುಡುಗಿ," ಎಂದರು ಡಾಕ್ಟರ್ ಬೆರಗಾಗಿ, ಆಮೇಲೆ ತಗ್ಗಿದ ದನಿಯಲ್ಲಿ, "ಗುರುಗಳು ಯಾರಮ್ಮ?"

"ಹಳೇ ಹಾರ್ಪ್," ಎಂದಳು ಲೌರಿ. "ನಿದ್ದೆ ಮಾಡಿರಲಿಲ್ಲ ಸರ್. ನಾನೇ ಕೇಳಲಿಲ್ಲ."

ಡಾಕ್ಟರ್ ಕಡ್ವಲಾಡರ್ ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟರಲ್ಲಿ ಇಬ್ಬರು ಕರಿಹಲಗೆಯ ಮೇಲೆ ಅವಳ ಧಾಟಿಯನ್ನು ನಾಲ್ಕು ಸಾಲಾಗಿ ಡೊ ರೆ ಮಿ ಅಕ್ಷರಗಳಲ್ಲಿ ಬರೆದು ಮುಗಿಸಿದ್ದರು. ಇನ್ನು ಹಾಡು ಎತ್ತಬೇಕು. ಎತ್ತುವವರು ಯಾರು? ಹೆಬ್ರೋನಿನವನೇ ತಾನೆ? "ಪಾರಿ, ಪಾರಿ," ಎಂದು ಸಭೆ ಕೂಗಿತು.

ಹಂಫ್ರಿ ಬಂದ. ಗಣಿಯಲ್ಲಿ ದೊಡ್ಡ ಬಂಡೆಯ ಮುಂದೆ ನಿಲ್ಲುವಂತೆ ಹಲಗೆಯ ಮುಂದೆ ನಿಂತು ಮೇಲಿಂದ ಕೆಳಕ್ಕೆ ಓದಿದ. ಮೂರನೆಯ ಸಾಲಿನ ಮೇಲೆ ಅವನ ಕಣ್ಣು ನಿಂತದ್ದು ಲೌರಿಗೆ ಕಂಡಿತು. ಒರೆಸುವ ಬಟ್ಟೆ ಕೈಗೆಟಕುವಲ್ಲೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ. ಸ್ವರ ಕೊಡುವ ಉಕ್ಕಿನ ಶ್ರುತಿಕವೆಯನ್ನು ಮೊಣಕಾಲಿಗೆ ತಟ್ಟಿ ಕಿವಿಗೆ ಹಿಡಿದ, ಡೊ ಕೊಟ್ಟ, ಕೈ ಎತ್ತಿದ.

ಮಂದಿರ ಹಾಡಿತು. ಮೊದಲ ಸಾಲನ್ನು ಹುಡುಕುತ್ತ ಹಾಡಿದರು, ಎರಡನೆಯದರಲ್ಲಿ ನೆಲ ಸಿಕ್ಕಿತು. ಮೂರನೆಯದರಲ್ಲಿ ಟೆನರಿನವರು ಆ ಪಾಪದ ಮೆಟ್ಟಿಲನ್ನು ಬೇಸಿನವರ ಜೊತೆ ಹತ್ತಿ ಎಂಥ ಸಂತೋಷಪಟ್ಟರೆಂದರೆ, ಹಂಫ್ರಿಯೊಬ್ಬನೇ ಹುಳಿ ಸೇಬು ಕಚ್ಚಿದವನಂತೆ ಮುಖ ಮಾಡಿದ. ಕೈ ಮಾತ್ರ ನಿಲ್ಲಿಸಲಿಲ್ಲ. ಲೌರಿಯ ಕಾಲ ಕೆಳಗಿನ ಹಲಗೆಗಳು ನಡುಗುತ್ತಿದ್ದವು. ಇಷ್ಟು ಸುಖ ಒಂದು ಮೈಯಲ್ಲಿ ಹಿಡಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹಾಡು ಮುಗಿಯುವುದೇ ಬೇಡ ಎನಿಸಿತು.

ಕೊನೆಯ ಸಾಲು ಬಂತು. ಮೇಲಿನ ದನಿ ಸೊಪ್ರಾನೊ ಎತ್ತರಕ್ಕೆ ಹಾರಿತು, ಬೇಸ್ ಇಳಿಯಿತು, ಟೆನರ್ ನಡುವೆ ನುಸುಳಿತು. ಲೌರಿ ವೇದಿಕೆಯ ಕೆಳಗೆ ನಿಂತ ಆಲ್ಟೊ ಹೆಂಗಸರನ್ನು ನೋಡಿದಳು. ಆ ಸಾಲಿನ ಉದ್ದಕ್ಕೂ ಅವರಿಗೆ ಒಂದೇ ಸ್ವರ. ಆಲೂಗಡ್ಡೆ ಸುಲಿಯುವವರ ಮುಖ ಮಾಡಿಕೊಂಡು ಅದನ್ನೇ ಹಾಡುತ್ತ ನಿಂತಿದ್ದರು. ತೀರ್ಪುಗಾರರು ಅದನ್ನು ಎತ್ತಿ ಆಡಿರಲಿಲ್ಲ, ಅದು ತಪ್ಪಲ್ಲ, ಮಾವನೂ ಗೀಚಿರಲಿಲ್ಲ. ಆದರೆ ಮನೆಯ ಒಬ್ಬ ಹೆಂಗಸನ್ನು ಮೂಲೆಯಲ್ಲಿ ಕೂರಿಸಿ ಮೂವರು ಹಬ್ಬ ಮಾಡಿದಂತಿತ್ತು. ಅದು ಅವಳಿಗೆ ಕೇಳಿಸಿತು, ಒಮ್ಮೆ ಕೇಳಿಸಿದ ಮೇಲೆ ಬೇರೇನೂ ಕೇಳಿಸಲಿಲ್ಲ.

ಚಪ್ಪಾಳೆ ಮಂದಿರದ ಸೂರಿಗೆ ಹೊಡೆಯಿತು. "ಇನ್ನೊಮ್ಮೆ, ಇನ್ನೊಮ್ಮೆ," ಎಂದು ಕೂಗಿದರು. ಹಂಫ್ರಿ ಶ್ರುತಿಕವೆ ಎತ್ತಿದ. ಅಷ್ಟರಲ್ಲಿ ಲೌರಿ ಬಹುಮಾನದ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡು ಹಲಗೆಯ ಹತ್ತಿರ ಹೋಗಿದ್ದಳು. ಕೈಯಿಂದಲೇ ಕೊನೆಯ ಸಾಲಿನ ಆಲ್ಟೊ ಸ್ವರಗಳನ್ನು ಒರೆಸಿ, ಸೀಮೆಸುಣ್ಣ ಹಿಡಿದು, ತುಟಿ ಅಲ್ಲಾಡಿಸುತ್ತ ಒಂದು ಅಕ್ಷರ ಬರೆದಳು, ಅಳಿಸಿದಳು, ಇನ್ನೊಂದು ಬರೆದಳು.

"ಏನ್ ಮಾಡ್ತಿದಾಳೆ ಅವಳು? ಬಹುಮಾನ ಬಂದಾಯ್ತಲ್ಲ," ಎಂದು ಮುಂದಿನ ಸಾಲಿನಲ್ಲಿ ಯಾರೋ ಕೇಳಿದರು. "ಶುರು ಮಾಡು ಪಾರಿ."

ಹಂಫ್ರಿ ತಿರುಗಿ ಹಲಗೆ ನೋಡಿದ. ಅವಳ ಬೆರಳು ಹೊರಟ ದಿಕ್ಕು ನೋಡಿದ. ಅದೇ ಸ್ವರವನ್ನು ತಾನೂ ಒಳಗೊಳಗೇ ಹಾಡಿ ನೋಡಿದವನಂತೆ ಅವನ ಹುಬ್ಬು ಮೇಲೇರಿತು, ಮುಖ ಹಿಗ್ಗಿತು. ಶ್ರುತಿಕವೆಯನ್ನು ಜೇಬಿಗೆ ಹಾಕಿಕೊಂಡ.

"ತಾಳ್ರಪ್ಪ," ಎಂದ ಸಭೆಗೆ. "ಇನ್ನೂ ಬರೀತಿದಾಳೆ."